ಗೇಟಿನವರೆಗಷ್ಟೇ ಬೆಳಕು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಸೊಸೆಯ ಸೊಂಟನೋವು ಹೇಗಿದೆ? ಮೊಮ್ಮಗಳಿಗೆ ಮುಂದಿನ ಹಲ್ಲು ಬಂತೇ? ಇದನ್ನೆಲ್ಲ ಮೊದಲೇ ಕೇಳಿಬಿಡುತ್ತೇನೆ, ಯಾಕೆಂದರೆ ಮುಂದಿರುವುದೆಲ್ಲ ಬೈಗುಳವೇ. ಕುಳಿತುಕೊಂಡು ಓದು.

ನಿನ್ನೆ ನನ್ನ ಪುಟ್ಟ ಟ್ರಕ್ಕಿನ ಹಿಂದೆ, ಪ್ರವಾಸದಲ್ಲಿ ಮಲಗಲೆಂದು ಕಟ್ಟಿಸಿಕೊಂಡ ಕೋಣೆಯನ್ನು ಗುಡಿಸುತ್ತಿದ್ದೆ. ನೀನು ಕೋಳಿಗೂಡು ಎಂದು ಆಡಿಕೊಳ್ಳುತ್ತೀಯಲ್ಲ, ಅದೇ. ಕನ್ನಡಕ ಜಾರಿ ಮಂಚದ ಸಂದಿಗೆ ಬಿತ್ತು. ಹಲಗೆ ಎತ್ತಿದರೆ ನಿನ್ನ ಕರಾಮತ್ತು ಕಣ್ಣಿಗೆ ಬಿತ್ತು. ಬ್ಯಾಟರಿಯಿಂದ ದೀಪಗಳಿಗೆ ಹೋಗುವ ಕೆಂಪು ವೈರು, ಫ್ಯೂಸು, ಸ್ವಿಚ್ಚು, ಎಲ್ಲ ಅಚ್ಚುಕಟ್ಟು. ಆದರೆ ವೈರನ್ನು ನಡುವೆ ಕತ್ತರಿಸಿ ಎರಡೂ ತುದಿಗೆ ಟೇಪು ಸುತ್ತಿದೆ. ಇಲಿ ಕಡಿದರೆ ಟೇಪು ಸುತ್ತುವುದಿಲ್ಲ, ಮಗನೇ.

"ಅಮ್ಮಾ, ಈ ದೀಪಕ್ಕೆ ಮನೆ ಕರೆಂಟೇ ಬೇಕು, ಬ್ಯಾಟರಿ ತಡ್ಕೊಳ್ಳಲ್ಲ" ಅಂದಿದ್ದೆಯಲ್ಲ, ಎಷ್ಟು ಸಲೀಸಾಗಿ! ಜಗಲಿಯಿಂದ ನೀನು ಎಳೆದುಕೊಟ್ಟ ವೈರು ಗೇಟಿನವರೆಗಷ್ಟೇ ಬರುತ್ತದೆ. ವರ್ಷಗಟ್ಟಲೆ ಶಾಲೆಯ ಬಸ್ಸು ಓಡಿಸಿದವಳು ನಾನು. ಆ ಬಸ್ಸಿನ ದೀಪಗಳೆಲ್ಲ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲೇ ಉರಿಯುತ್ತಿದ್ದವು. ಆದರೂ ನಂಬಿದೆ, ಹೇಳಿದವನು ನೀನಾದ್ದರಿಂದ. ನನಗೆ ಕತ್ತಲೆಂದರೆ ಆಗದು ಎಂಬುದು ನಿನಗಲ್ಲದೆ ಇನ್ಯಾರಿಗೆ ಗೊತ್ತು? ಅದನ್ನೇ ಹಿಡಿದು ನನ್ನನ್ನು ಕಟ್ಟಿಹಾಕಿದೆ. ಸಮುದ್ರ ನೋಡಲು ನಾನು ಗಂಟುಮೂಟೆ ಕಟ್ಟಿ, ದೀಪವಿಲ್ಲದೆ ಹೇಗೆ ಮಲಗಲಿ ಎಂದು ಬಿಚ್ಚಿದೆ. ಆಮೇಲೆ ಗೇಟಿನ ಬಳಿ ನಿಂತ ಟ್ರಕ್ಕಿನೊಳಗೆ ಕುಳಿತು ಚಹಾ ಕುಡಿದು, ಪ್ರವಾಸವಾಯಿತು ಎಂದು ಮನೆಯೊಳಗೆ ಬರುತ್ತಿದ್ದೆ. ಎದುರುಮನೆಯಾಕೆ ನಗುತ್ತಿದ್ದಳು. ನನಗೆ ಮೈ ಉರಿಯುತ್ತದೆ, ಈಗ ಬರೆಯುವಾಗಲೂ.

ನಿನ್ನ ಅಪ್ಪ ಹೋದ ಮೇಲೆ ನಿನಗೆ ನನ್ನ ಬಗ್ಗೆ ಹೆದರಿಕೆ. ಅದು ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಹೆದರಿಕೆಯಿದ್ದರೆ ಹೆದರಿಕೆ ಎಂದು ಹೇಳಬೇಕಿತ್ತು, ಅತ್ತರೂ ಸರಿ, ಜಗಳವಾಡಿದರೂ ಸರಿ. ನಾನು ಉತ್ತರ ಕೊಡುತ್ತಿದ್ದೆ. ಕತ್ತರಿಸಿದ ತಂತಿಗೆ ಏನು ಉತ್ತರ ಕೊಡಲಿ? ನಿನ್ನೆಯೇ ನಾನು ಬ್ಯಾಟರಿಯ ತಂತಿ ಬಿಚ್ಚಿಟ್ಟು, ಎರಡು ತುದಿಯನ್ನೂ ಸುಲಿದು, ತಿರುಚಿ, ಜೋಡಿಸಿ, ಟೇಪು ಸುತ್ತಿದೆ. ಬೆರಳು ಸ್ವಲ್ಪ ಕೊಯ್ದುಕೊಂಡಿತು, ಆ ತಪ್ಪನ್ನೂ ನಿನ್ನ ತಲೆಗೇ ಕಟ್ಟಿದ್ದೇನೆ. ಬ್ಯಾಟರಿ ಮತ್ತೆ ಸೇರಿಸಿ ಸ್ವಿಚ್ಚು ಒತ್ತಿದರೆ ಮೂರೂ ದೀಪ ಹೊತ್ತಿದವು. ಖುಷಿಗಿಂತ ಮೊದಲು ಸಿಟ್ಟೇ ಬಂತು.

ಸೊಸೆಗೆ, ಮೊಮ್ಮಗಳಿಗೆ ಆಶೀರ್ವಾದ. ನಿನಗೆ ಸದ್ಯಕ್ಕೆ ಅರ್ಧ, ಉಳಿದರ್ಧ ಸಿಟ್ಟು ಇಳಿದ ಮೇಲೆ.

ಇಷ್ಟಾದರೂ ನಿನ್ನ,
ಅಮ್ಮ

ಸೋಮವಾರ ಬೆಳಿಗ್ಗೆ, ಅವಸರದಲ್ಲಿ ಇನ್ನೊಂದು ಮಾತು: ಈ ಕಾಗದವನ್ನು ಪೆಟ್ರೋಲ್ ಬಂಕಿನ ಪಕ್ಕದ ಅಂಚೆಡಬ್ಬಿಗೆ ಹಾಕುತ್ತಿದ್ದೇನೆ. ನಮ್ಮೂರಿನ ಬಂಕಲ್ಲ. ನಿನ್ನೆ ರಾತ್ರಿ ಟ್ರಕ್ಕಿನಲ್ಲಿ ದೀಪ ಹಾಕಿಕೊಂಡೇ ಮಲಗಿದೆ, ನಿದ್ದೆ ಬಂತು. ಮನೆಯ ಬೀಗದ ಕೈ ಎದುರುಮನೆಯಾಕೆಯ ಹತ್ತಿರ ಇದೆ. ಬೈಯುವುದಕ್ಕಾದರೆ ಫೋನ್ ಮಾಡಬೇಡ. ಎಲ್ಲಿದ್ದೀಯಮ್ಮಾ ಎಂದು ಕೇಳುವುದಕ್ಕಾದರೆ ಮಾಡು, ಹೇಳುತ್ತೇನೆ.