ಅಟ್ಟದ ಮ್ಯಾಲಿನ ಬಾರಕೋಲು

ಕಲಬುರ್ಗಿ ದವಾಖಾನಿ

ಅಪ್ಪಾವ್ರಿಗೆ ಮಗಳು ನೀಲವ್ವನ ಶರಣು.

ಕಮಲಾಪುರದಾಗ ನಾದಿನಿಗೆ ಬ್ಯಾನಿ ಹತ್ತಿ ಎರಡು ದಿನಾದ್ರೂ ಹೆರಿಗಿ ಆಗಲಿಲ್ಲ. ನಿನ್ನೆ ಸಂಜಿಮುಂದ ಬಂಡಿ ಹೂಡಿ ಇಲ್ಲಿಗೆ ಹೊಂಟಿವಿ. ಕತ್ತಲಾದ ಮ್ಯಾಲೆ ನಿಮ್ಮ ಅಳಿಯಾಂದ್ರಿಗೆ ಕಣ್ಣು ಕಾಣೂದಿಲ್ಲಂತ ಆಗ ಗೊತ್ತಾತು. ಲಗ್ನದಾಗ ಯಾರೂ ಹೇಳಿರಲಿಲ್ಲ, ಇರಲಿ.

ಇಂಗ್ಲೀಷರ ಸೀಮಿ ಬಿಟ್ಟು ನಿಜಾಮರ ರಾಜ್ಯಕ್ಕ ಬಂದು ನನಗ ಹದಿನೈದೇ ದಿನ, ಹಾದಿ ಕಂಡಾಕಿ ಅಲ್ಲ. ಆದ್ರೂ ಅವರ ಕೈಯಾಗಿನ ಎತ್ತಿನ ಹಗ್ಗ ಕಸಗೊಂಡೆ. ಸಣ್ಣಾಕಿದ್ದಾಗ ನೀವು ಕಲಿಸಿದಂಗ ಕಂದೀಲು ಅಚ್ಚಿನ ಕೆಳಗ ಕಟ್ಟಿ, ಗಾಲಿ ಜಾಡು ನೋಡಕೋತ ಹೊಡದೆ. 'ಗಂಡಸರಂಗ ಕುಂತಾಳ ನೋಡು' ಅಂತ ಅತ್ತಿ ಹಾದಿ ತುಂಬ ಬೈದ್ರು. ನಸುಕಿನ್ಯಾಗ ಕಲಬುರ್ಗಿ ಕೋಟಿ ಕಂಡಮ್ಯಾಲೆ ಬೈಯೂದು ಬಿಟ್ರು.

ಹೆಣ್ಣುಕೂಸು. ತಾಯಿ, ಕೂಸು ಇಬ್ಬರೂ ಆರಾಮ ಅದಾರ. 'ಹೊಳ್ಳಿ ಹೋಗೂವಾಗೂ ನೀನ ಹೊಡಿ' ಅಂತ ಅತ್ತೀನ ಅಂದಾರ.

ನಾ ದೊಡ್ಡಾಕಿ ಆದಮ್ಯಾಲೆ, ಹೆಣ್ಣುಮಕ್ಕಳು ಬಂಡಿ ಹೊಡೀಬಾರದಂತ ನೀವು ಅಟ್ಟಕ್ಕ ಹಾಕಿದ ನನ್ನ ಬಾರಕೋಲು ಈಗ ಕಳಸ್ರಿ.

ನಿಮ್ಮ ನೀಲವ್ವ