ಹೆಪ್ಪು ಕೊಟ್ಟವರು

ಲ್ಯಾಬಿನ ಕ್ವಾರ್ಟರ್ಸ್,
ಮಾರ್ಚ್ ೧೪, ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತಿದೆಯಾ, ಇಲ್ಲ ಮತ್ತೆ ಬಿಸಿನೀರಿನಲ್ಲಿ ಅದ್ದಿಕೊಂಡು ಕೂರಬೇಕಾ? ಮೊಣಕಾಲು ಹೇಗಿದೆ? ನಿಜ ಹೇಳು. ಫೋನಿನಲ್ಲಿ ಕೇಳಿದರೆ "ನಂಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಭಾವನ ಕೈಗೆ ಫೋನು ದಾಟಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಯಾರ ಕೈಗೂ ದಾಟಿಸಲಾಗುವುದಿಲ್ಲ, ನೀನೇ ಓದಬೇಕು. ಭಾವ ಡಿಪೋದಲ್ಲಿ ಇನ್ನೂ ಎರಡನೇ ಪಾಳಿಯಲ್ಲೇ ಇದ್ದಾರಾ? ಬಸ್ಸುಗಳ ಹೊಟ್ಟೆಯಡಿ ಮಲಗಿ ಮಲಗಿ ಅವರ ಬೆನ್ನು ಏನಾಗಿದೆಯೋ. ನಾನು ಕೇಳಿದೆ ಎಂದು ಹೇಳು. ನನ್ನ ವಿಷಯ ಬಿಡು, ಜಗಳ ಆಡಲು ತ್ರಾಣ ಇರುವ ತನಕ ನಾನು ಚೆನ್ನಾಗಿದ್ದೇನೆ ಅಂತಲೇ ತಿಳಿದುಕೋ.

ಸುದ್ದಿ ಒಳ್ಳೆಯದಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದೂ ಇಲ್ಲ. ನಿನ್ನ ಸಂಧಿವಾತದ ಇಂಜೆಕ್ಷನ್ ನಿಲ್ಲುತ್ತಿದೆ. ಎರಡು ವಾರಕ್ಕೊಮ್ಮೆ ಕೊಡುತ್ತಿದ್ದದ್ದನ್ನು ತಿಂಗಳಿಗೊಮ್ಮೆ ಮಾಡಿದಾಗ ಆಸ್ಪತ್ರೆಯವರು "ಮೈ ಸುಧಾರಿಸಿದೆ, ಇನ್ನು ಇಷ್ಟು ಸಾಕು" ಅಂದರಲ್ಲ, ಅದು ಶುದ್ಧ ಸುಳ್ಳು. ಔಷಧಿ ಮುಗಿಯುತ್ತಾ ಬಂದಿತ್ತು, ಎಳೆದಾಡಿ ಹಂಚುತ್ತಿದ್ದರು. ಮುಂದಿನ ತಿಂಗಳು ಕೊಡುವುದೇ ಕೊನೆಯದು. ನಿನಗೊಬ್ಬಳಿಗಲ್ಲ, ಈ ಔಷಧಿಯ ಪ್ರಯೋಗಕ್ಕೆ ತೋಳು ಕೊಟ್ಟ ಅಷ್ಟೂ ಜನಕ್ಕೆ.

ಯಾಕೆ ಅಂತ ಕೇಳುತ್ತೀಯ. ಈ ಔಷಧಿ ಮಾತ್ರೆಯ ಹಾಗೆ ಪುಡಿ ಬೆರೆಸಿ ಅಚ್ಚು ಹೊಡೆಯುವಂಥದ್ದಲ್ಲ. ಜೀವಂತ ಕೋಶಗಳು ಅದನ್ನು ಮಾಡುತ್ತವೆ. ನಾವು ದಿನಾ ಅವಕ್ಕೆ ಉಣಿಸಿ, ಬೆಚ್ಚಗಿಟ್ಟು, ಅವು ಹೊರಗೆ ಬಿಟ್ಟದ್ದನ್ನು ಸೋಸಿ ಸೋಸಿ ತೆಗೆಯುತ್ತೇವೆ. ರಜೆಯ ದಿನವೂ ಲ್ಯಾಬಿಗೆ ಓಡುತ್ತೀಯಲ್ಲ, ಅಲ್ಲೇನು ಕೂಸು ಮಲಗಿಸಿ ಬಂದಿದ್ದೀಯಾ ಎಂದು ನೀನು ಆಡಿಕೊಂಡಿದ್ದೆ. ಹೌದು, ಹಾಗೇ. ಆ ಕೋಶಗಳ ಮೂಲವನ್ನು ಬೆರಳುದ್ದದ ಸೀಸೆಗಳಲ್ಲಿ ತುಂಬಿ, ಹೊಗೆಯಾಡುವ ನೈಟ್ರೋಜನ್ ಪೀಪಾಯಿಯೊಳಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ನಾವು ಅದನ್ನು ಹೆಪ್ಪು ಅಂತಲೇ ಕರೆಯುವುದು. ಹೆಪ್ಪಿದ್ದವನ ಮನೆಯಲ್ಲಿ ಮಾತ್ರ ಮೊಸರು. ನಮ್ಮಲ್ಲಿ ಮೊದಲಿನಿಂದಲೂ ಒಂದು ಕಟ್ಟುನಿಟ್ಟು ಇತ್ತು: ಹೆಪ್ಪು ಎಂದೂ ಒಂದೇ ಸೂರಿನಡಿ ಇರಬಾರದು. ಅರ್ಧ ಈ ಕಟ್ಟಡದಲ್ಲಿ, ಅರ್ಧ ಅಂಗಳದಾಚೆಯ ಕಟ್ಟಡದಲ್ಲಿ. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯಲಿ ಅಂತ.

ಸರ್ಕಾರ ಕೈ ಹಿಡಿದದ್ದು ಸುಳ್ಳಲ್ಲ ಅಕ್ಕಾ, ಅದನ್ನೂ ಹೇಳಬೇಕು. ನಮ್ಮ ಲ್ಯಾಬೂ ಒಂದು ಔಷಧಿ ಕಂಪನಿಯೂ ಕೂಡಿ ಸಂಶೋಧನೆ ಮಾಡಲಿ, ದುಡ್ಡು ನಾವು ಕೊಡುತ್ತೇವೆ ಎಂದು ಯೋಜನೆ ತಂದಿತು. ಆ ದುಡ್ಡು ಬರದಿದ್ದರೆ ನಮ್ಮ ಕೋಶಗಳು ಗಾಜಿನ ತಟ್ಟೆ ಬಿಟ್ಟು ಕಂಪನಿಯ ದೊಡ್ಡ ತೊಟ್ಟಿಗೆ ಇಳಿಯುತ್ತಲೇ ಇರಲಿಲ್ಲ, ನಿನ್ನ ತೋಳಿಗೆ ತಲುಪುತ್ತಲೂ ಇರಲಿಲ್ಲ. ಇಂಜೆಕ್ಷನ್ ಶುರುವಾಗಿ ಮೊದಲ ಚಳಿಗಾಲ ಕಳೆದಾಗ ನೀನು ಎಷ್ಟೋ ವರ್ಷದ ಮೇಲೆ ನಿನ್ನ ಕೈಯಾರೆ ಸೂಜಿಗೆ ದಾರ ಪೋಣಿಸಿ, ಒಂದು ತುಂಡು ಬಟ್ಟೆಯ ಮೇಲೆ ಸಾಲಾಗಿ ಕಾಜಾ ಹೊಲಿದು ನನಗೆ ಕಳಿಸಿದೆಯಲ್ಲ, ಅದನ್ನು ಗಡ್ಡದ ಮೇಷ್ಟ್ರಿಗೆ ತೋರಿಸಿದ್ದೆ. ನಮ್ಮ ಹಿರಿಯ ವಿಜ್ಞಾನಿ ಅವರು, ನಮಗೆಲ್ಲ ಕೆಲಸ ಕಲಿಸಿದವರು. ದೀಪದ ಕೆಳಗೆ ಹಿಡಿದು ನೋಡಿ "ಏ ಜಗಳಗಂಟಿ, ರಿಸಲ್ಟು ಅಂದ್ರೆ ಇದು ಕಣಮ್ಮಾ" ಅಂದರು. ಕಣ್ಣು ಒರೆಸಿಕೊಂಡರು, ದೀಪ ಜಾಸ್ತಿಯಾಯಿತು ಎಂದು ನೆಪ ಹೇಳಿದರು.

ಆದರೆ ಯೋಜನೆಯಲ್ಲಿ ಒಂದು ಶರತ್ತಿತ್ತು. ಒಬ್ಬರಲ್ಲಿರುವ ಸಲಕರಣೆ ಇನ್ನೊಬ್ಬರಿಗೆ ಬೇಡ, ಒಂದೇ ಕೆಲಸಕ್ಕೆ ಎರಡು ಕಡೆ ಖರ್ಚು ಬೇಡ. ಕಂಪನಿಯಲ್ಲಿ ಫಳಫಳ ಹೊಳೆಯುವ ಪೀಪಾಯಿಗಳು, ನಮ್ಮವೋ ಓಬೀರಾಯನ ಕಾಲದವು. ನಮ್ಮವಕ್ಕೆ ನೈಟ್ರೋಜನ್ ತುಂಬಿಸಲು ಬರುತ್ತಿದ್ದ ಹಣ ನಿಂತಿತು. ಮೇಷ್ಟ್ರು ಇಡೀ ಹೆಪ್ಪನ್ನು ಅಲ್ಲಿಗೆ ಸಾಗಿಸಿದರು. ಸಾಗಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿದರು: ಎರಡು ಕಟ್ಟಡದಲ್ಲಿ ಇಡ್ತೀರಾ? ಇಡ್ತೀವಿ ಅಂದರು ಕಂಪನಿಯವರು. ಇಟ್ಟರು ಕೂಡ. ನಿಯಮ ಪಾಲಿಸಿದೆವು ಎಂದು ನಾವೆಲ್ಲ ನೆಮ್ಮದಿಯಾಗಿ ಮನೆಗೆ ಹೋದೆವು. ಎರಡು ಕಟ್ಟಡಕ್ಕೂ ಬೀಗದ ಕೈ ಒಬ್ಬನದೇ ಅಲ್ಲವಾ ಎಂದು ಯಾರ ತಲೆಗೂ ಹೊಳೆಯಲಿಲ್ಲ. ಲೋಕವನ್ನೇ ಪ್ರಶ್ನೆ ಮಾಡುವ ನಮ್ಮ ನೌಕರರ ಸಂಘಕ್ಕೂ ಹೊಳೆಯಲಿಲ್ಲ, ಆಗ ನಾವು ಕ್ಯಾಂಟೀನಿನ ಜಗಳದಲ್ಲಿ ಮುಳುಗಿದ್ದೆವು. ಬೆಂಕಿಗೆ ಹೆದರಿದೆವು, ಮಾಲೀಕನಿಗೆ ಹೆದರಲಿಲ್ಲ.

ಈಗ ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ನುಂಗಿದೆ. ಆ ದೊಡ್ಡದು ಇದೇ ಕಾಯಿಲೆಗೆ ತನ್ನದೊಂದು ದುಬಾರಿ ಔಷಧಿ ಮಾರುತ್ತದೆ. ಅದಕ್ಕೆ ಅಗ್ಗದ ನಮ್ಮದು ಯಾಕೆ ಬೇಕು? ತೊಟ್ಟಿ ತೊಳೆದು ಬೋರಲು ಹಾಕಿದರು. ಹೆಪ್ಪು ವಾಪಸ್ ಕೊಡಿ ಅಂದರೆ "ಭದ್ರವಾಗಿದೆ" ಅನ್ನುತ್ತಾರೆ. ಭದ್ರವಾಗಿರುವುದು ನಿಜ. ಆ ಚಳಿಯಲ್ಲಿ ಅವು ನಮ್ಮ ಮೊಮ್ಮಕ್ಕಳ ಕಾಲದ ತನಕ ಹಾಗೇ ಇರುತ್ತವೆ, ಸಾಯುವುದಿಲ್ಲ, ಬದುಕುವುದೂ ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಹೊಸ ಹೆಪ್ಪು ಕಟ್ಟೋಣವೆಂದರೆ ಮೊದಲು ಹಿಡಿದಷ್ಟೇ ವರ್ಷ ಹಿಡಿಯುತ್ತದೆ. ಕೋರ್ಟಿಗೆ ಹೋದರೆ ಅದಕ್ಕಿಂತ ಹೆಚ್ಚು. ನಿನ್ನ ಬೆರಳು ಅಲ್ಲಿಯ ತನಕ ಕಾಯುತ್ತದಾ? ಮೇಷ್ಟ್ರು ಈಗ ಖಾಲಿ ಪೀಪಾಯಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಮುಖಕ್ಕೆ ಹೊಡೆದ ಹಾಗೆ ಬಯ್ಯಬೇಕೆಂದು ಹೋದವಳು ಟೀ ತಂದುಕೊಟ್ಟು ಬಂದೆ.

ಇನ್ನೊಂದು ಕೇಳು, ನಗುತ್ತೀಯೋ ಅಳುತ್ತೀಯೋ. ಸರ್ಕಾರ ಆ ದೊಡ್ಡ ಕಂಪನಿಯನ್ನು ಸೇರಿಸಿಕೊಂಡು ಇದೇ ಯೋಜನೆಯ ಎರಡನೇ ಹಂತ ಶುರು ಮಾಡುತ್ತಿದೆ. ಬರುವ ತಿಂಗಳ ಮೊದಲ ಶನಿವಾರ, ನಮ್ಮದೇ ಅಂಗಳದಲ್ಲಿ ಶಾಮಿಯಾನ ಹಾಕಿ ಸಮಾರಂಭ. ಇಲಾಖೆಯ ಅಧಿಕಾರಿ ನನ್ನನ್ನು ಕರೆಸಿದ. "ಮೊದಲ್ನೇ ಪೇಷಂಟು ನಿಮ್ಮಕ್ಕನೇ ಅಂತಲ್ಲಮ್ಮಾ. ಕರೆಸಿ. ವೇದಿಕೆ ಮೇಲೆ ಎರಡು ಒಳ್ಳೇ ಮಾತಾಡ್ಲಿ, ಕೈ ಎತ್ತಿ ತೋರಿಸ್ಲಿ, ಅಷ್ಟೇ" ಅಂದ. ಔಷಧಿಯೇ ನಿಲ್ಲುತ್ತಿದೆ, ಗೊತ್ತಿದೆಯಾ ಅಂದೆ. ಅದಕ್ಕೂ ದಾರಿ ಮಾಡಿಟ್ಟಿದ್ದಾನೆ ಮಹಾನುಭಾವ. ವೇದಿಕೆ ಹತ್ತಿದವರಿಗೆ ದೊಡ್ಡ ಕಂಪನಿಯವರು ತಮ್ಮ ದುಬಾರಿ ಔಷಧಿಯನ್ನು ಜೀವಮಾನ ಪೂರ್ತಿ ಬಿಟ್ಟಿ ಕೊಡುತ್ತಾರಂತೆ. ಉಳಿದವರಿಗೆ ಅಂದೆ. "ಊರಿನವರನ್ನೆಲ್ಲ ವೇದಿಕೆ ಹತ್ತಿಸಕ್ಕಾಗುತ್ತೇನಮ್ಮಾ, ಮುರಿದು ಬೀಳಲ್ವಾ" ಎಂದು ಹಲ್ಲು ಕಿರಿದ. ಮೂಗಿಗೆ ತುಪ್ಪ ಸವರುವುದನ್ನು ಇವರಿಂದ ಕಲಿಯಬೇಕು. "ನಮ್ಮಕ್ಕನ ಕೈ ನಿಮ್ಮ ಜಾಹೀರಾತಿನ ಬೋರ್ಡಲ್ಲ ಸ್ವಾಮಿ. ಅವಳು ಬರಲ್ಲ" ಎಂದು ಬಾಗಿಲು ದಡಾರನೆ ಎಳೆದುಕೊಂಡು ಬಂದೆ.

ಸಂಘದಲ್ಲಿ ಇದನ್ನು ಹೇಳಿದಾಗ ಎಲ್ಲರೂ ಮೇಜು ಗುದ್ದಿದರು. ಆ ಶನಿವಾರ ಗೇಟಿನ ಹೊರಗೆ ಕಪ್ಪು ಬಾವುಟ ಹಿಡಿಯುತ್ತೇವೆ. ಸರ್ಕಾರ ದುಡ್ಡು ಕೊಡಬಾರದು ಅನ್ನುವವರಲ್ಲ ನಾವು, ಇನ್ನೂ ಕೊಡಲಿ. ಆದರೆ ಕೊಟ್ಟವನಿಗೆ ಕೇಳುವ ಬಾಯಿ ಬೇಡವಾ? ಜನರ ದುಡ್ಡಿನಲ್ಲಿ ಕಟ್ಟಿದ ಹೆಪ್ಪಿನಲ್ಲಿ ಅರ್ಧ ಜನರ ಕಟ್ಟಡದಲ್ಲಿ ಇರಲಿ. ಒಬ್ಬ ಕೈಬಿಟ್ಟರೆ ಇನ್ನೊಬ್ಬ ಮಾಡುವ ಹಾಗಿರಲಿ. ಇಷ್ಟನ್ನೇ ನಾವು ಕೂಗುವುದು. ನಿನ್ನನ್ನು ಒಂದು ಮಾತು ಕೇಳದೆ ನಿನ್ನ ಪರವಾಗಿ ಇಲ್ಲ ಅಂದುಬಿಟ್ಟೆ. ನೀನಾಗಿದ್ದರೂ ಹಾಗೇ ಅನ್ನುತ್ತಿದ್ದೆ. ಹೊಲಿಗೆ ಕಾರ್ಖಾನೆಯಲ್ಲಿ ಮೊದಲು ಮೆಷಿನ್ನು ನಿಲ್ಲಿಸಿ ಎದ್ದು ನಿಂತವಳು ನೀನು, ಆ ಕಥೆ ಕೇಳಿ ಬೆಳೆದವಳು ನಾನು.

ಭಾರ ಎತ್ತಬೇಡ. ಒದ್ದೆ ನೆಲದ ಮೇಲೆ ಹುಷಾರು. ಭಾವನಿಗೆ ನನ್ನ ನಮಸ್ಕಾರ, ಅವರ ಬೆನ್ನಿಗೂ. ನಿನ್ನ ಎರಡೂ ಕೈ ನನ್ನ ಕೆನ್ನೆಗೆ ಒತ್ತಿಕೊಂಡಿದ್ದೇನೆ ಅಂದುಕೋ.

ನಿನ್ನ
ಜಗಳಗಂಟಿ

ತಾ.ಕ.: ಲಕೋಟೆ ಅಂಟಿಸುವಾಗ ಭಾವ ಫೋನು ಮಾಡಿದ್ದರು. ಮೊನ್ನೆ ಬಚ್ಚಲಿನ ಚಿಲಕ ತೆಗೆಯಲಾಗದೆ ಒಳಗೇ ಕೂತಿದ್ದೆಯಂತೆ, ಅವರು ಪಾಳಿ ಮುಗಿಸಿ ಬಂದು ಬಾಗಿಲು ಒಡೆಯುವ ತನಕ, ಒದ್ದೆ ಬಟ್ಟೆಯಲ್ಲಿ. ಪಕ್ಕದ ಮನೆಯವರಿಗೆ ಕೇಳಿಸೀತೆಂದು ಕೂಗಲೂ ಇಲ್ಲವಂತೆ. "ಅವಳಿಗೆ ಹೇಳಬೇಡಿ" ಅಂತ ನನ್ನ ಬಗ್ಗೆ ಅಂದೆಯಂತೆ. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ನಾಳೆ ಬೆಳಿಗ್ಗೆ ಹೋಗಿ ಅಧಿಕಾರಿಗೆ ಅಕ್ಕ ಬರುತ್ತಾಳೆ ಎಂದು ಹೇಳುತ್ತೇನೆ. ಕಾರು ಕಳಿಸುತ್ತಾರೆ, ಹತ್ತಿ ಬಾ. ಔಷಧಿಯ ಮೊದಲ ಡಬ್ಬಿ ಭಾವನ ಕೈ ಸೇರಿದ ಮೇಲೆಯೇ ವೇದಿಕೆಯ ಮೆಟ್ಟಿಲು ಹತ್ತು, ಇವರನ್ನು ನಂಬಬೇಡ. ಹೇಳಿಕೊಟ್ಟ ಎರಡು ಮಾತು ಹೇಳು. ಕೈ ಎತ್ತು ಅಂದರೆ ಎಷ್ಟು ಏಳುತ್ತದೋ ಅಷ್ಟು ಎತ್ತು. ನಾನು ಗೇಟಿನ ಹೊರಗೆ ಬಾವುಟ ಹಿಡಿದು ನಿಂತಿರುತ್ತೇನೆ. ನಾವು ಜೋರಾಗಿಯೇ ಕೂಗುತ್ತೇವೆ, ಒಳಗೆಲ್ಲ ಕೇಳಿಸುತ್ತದೆ. ನನ್ನ ದನಿ ಗುರುತು ಸಿಕ್ಕರೆ ಮಾತು ನಿಲ್ಲಿಸಬೇಡ.