ಹುಸೇನಪ್ಪನ ಕೆಮ್ಮು

ಮಸಿದಿನ್ನಿ. ಎಂಬತ್ತೊಂದನೆಯ ಕರೆವರ್ಷ, ಕಾರ್ತಿಕ ಬಹುಳ ದಶಮಿ, ಸಂಜೆ. ನಿಮ್ಮ ಎಣಿಕೆಯಲ್ಲಿ ಇದು 2158ರ ಕೊನೆ. ಗಾಳಿ ಗುಡ್ಡದ ಕಡೆಯಿಂದ ಬೀಸುತ್ತಿದೆ. ನನ್ನ ಹೆಸರು ಅಂಬ್ರಮ್ಮ, ಇಲ್ಲಿನ ಉಸಿರುಮನೆಯಲ್ಲಿ ದಾದಿ. ಅಣ್ಣ ಹುಸೇನಪ್ಪ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾನೆ. ಅವನು ಬೆನ್ನು ಚಾಚಿ ಮಲಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಊಟ ಮುಗಿಸಿ, ಮನೆಮಂದಿಯ ನಡುವೆ ಕೂತು, ಟೀವಿಯಲ್ಲಿ ಯಾವುದೋ ಊರಿನ ಕಷ್ಟ ನೋಡಿ, ಆ ಊರಿಗೆ ಅನುದಾನ ಸಿಗಲಿ ಎಂದು ಮೊದಲ ಬಾರಿಗೆ ಫೋನ್ ಮಾಡಿ ಮತ ಹಾಕಿದವರೇ, ಈ ಪತ್ರ ನಿಮಗೆ. ನಿಮ್ಮ ಹೆಸರುಗಳು ನನಗೆ ತಿಳಿಯವು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ಕೆಲವು ಮಾತುಗಳು ನಿಮ್ಮ ನಂತರ ಹುಟ್ಟಿದವು. ಕೆಲವು ನಿಮ್ಮವೇ ಆದರೂ ಈಗ ಬೇರೆ ಅರ್ಥ ಹೊತ್ತಿವೆ. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಮನ್ನಿಸಬೇಕು. ಇದು ನಿಮ್ಮನ್ನು ತಲುಪುವುದಿಲ್ಲವೆಂದು ಬಲ್ಲೆ. ಆದರೂ ಇಲ್ಲಿ ಯಾರಿಗಾದರೂ ಬರೆದರೆ ಅದು ದೂರು ಎನಿಸುತ್ತದೆ. ನಿಮಗೆ ಬರೆದರೆ ಬರೀ ವಿಷಯವಾಗಿ ಉಳಿಯುತ್ತದೆ.

ನೀವು ಕೆಟ್ಟದ್ದೇನೂ ಮಾಡಲಿಲ್ಲ. ಒಂದು ಊರಿಗೆ ಆಟದ ಬಯಲು ಬೇಕಿತ್ತು, ಇನ್ನೊಂದಕ್ಕೆ ವೃದ್ಧರ ಕೊಠಡಿ. ಇಬ್ಬರಿಗೂ ಕೊಡುವಷ್ಟು ಇಲ್ಲವೆಂದರು, ಯಾರಿಗೆ ಕೊಡೋಣ ಎಂದು ನಿಮ್ಮನ್ನು ಕೇಳಿದರು, ನೀವು ಮನಸ್ಸಿಟ್ಟು ನೋಡಿ ಒಬ್ಬರನ್ನು ಆರಿಸಿದಿರಿ. ಆ ಕ್ರಮ ಎಲ್ಲರಿಗೂ ಹಿಡಿಸಿತು. ಆಳುವವರಿಗೆ ಇನ್ನೂ ಹಿಡಿಸಿತು, ಏಕೆಂದರೆ ಇಲ್ಲವೆನ್ನುವ ಕೆಲಸ ಅವರ ಕೈತಪ್ಪಿ ಜನರ ಕೈಗೆ ಬಂತು. ಆಟದ ಬಯಲಿನ ನಂತರ ಶಾಲೆ, ಶಾಲೆಯ ನಂತರ ಸೇತುವೆ, ಆಮೇಲೆ ಕುಡಿಯುವ ನೀರು. ನನ್ನ ಅಜ್ಜಿ ಹುಟ್ಟುವ ವೇಳೆಗೆ ಬೇರೆ ದಾರಿಯೊಂದು ಇತ್ತೆಂಬುದೇ ಮರೆತುಹೋಗಿತ್ತು. ಈಗ ತಿಂಗಳಿಗೊಮ್ಮೆ ಬರುವ ಆ ಸಂಜೆಗೆ ಕರೆಸಂಜೆ ಎನ್ನುತ್ತೇವೆ, ಅದು ಕಾಯ್ದೆಯಾದಂದಿನಿಂದ ಕರೆವರ್ಷ ಎಣಿಸುತ್ತೇವೆ. ಪ್ರತಿಯೊಬ್ಬರಿಗೂ ಒಂದು ಕರೆ. ತನ್ನ ಊರಿಗೆ ತಾನೇ ಕರೆ ಮಾಡುವಂತಿಲ್ಲ. ಹಾಗಾಗಿ ನಾವು ಬದುಕುವುದು ನಮ್ಮನ್ನು ಕಾಣದವರ ಮನಸ್ಸು ಕರಗಿದಷ್ಟು ಮಾತ್ರ.

ನಮ್ಮೂರಿನ ಬಗ್ಗೆ ಹೇಳುತ್ತೇನೆ. ಇಲ್ಲಿ ಹಿಂದೆ ಕಲ್ಲಿದ್ದಲು ಸುಟ್ಟು ವಿದ್ಯುತ್ ತೆಗೆಯುತ್ತಿದ್ದರು. ಒಲೆ ಆರಿ ತಲೆಮಾರುಗಳಾದವು, ಬೂದಿ ಉಳಿದಿದೆ. ಅದು ಊರಿನ ಪಶ್ಚಿಮಕ್ಕೆ ಗುಡ್ಡವಾಗಿ ನಿಂತಿದೆ. ಗಾಳಿ ತಿರುಗಿದಾಗ ಎದ್ದು ಬರುತ್ತದೆ. ಬಾಗಿಲು ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಡುತ್ತೇವೆ. ರೊಟ್ಟಿ ಬಡಿಯುವವಳು ಹಿಟ್ಟಿನ ಮೇಲೆ ಬಟ್ಟೆ ಹೊದಿಸಿ, ಒಂದು ಉಂಡೆಗಾಗುವಷ್ಟೇ ತೆರೆದು ತೆಗೆಯುತ್ತಾಳೆ. ತಾಟನ್ನು ಉಣ್ಣುವ ಮೊದಲೊಮ್ಮೆ ಒರೆಸುತ್ತೇವೆ. ಒರೆಸದೆ ಉಣ್ಣುವವನನ್ನು ಪರವೂರಿನವನೆಂದು ಗುರುತಿಸುತ್ತೇವೆ. ಒಗೆದ ಬಟ್ಟೆ ಮನೆಯೊಳಗೇ ಒಣಗಬೇಕು. ಶಾಲೆ ಗುಡ್ಡದ ಬುಡದಲ್ಲಿದೆ. ಬೇರೆ ಜಾಗದಲ್ಲಿ ಕಟ್ಟಲು ಕೇಳಿದ್ದೆವು. ಆ ಕರೆಸಂಜೆ ಕುರುಡು ಮಕ್ಕಳ ಊರೊಂದು ನಮ್ಮೆದುರು ಇತ್ತು, ಕರೆಗಳು ಅವರಿಗೆ ಹೋದವು. ನನ್ನ ಮಗಳು ನೀಲಗಂಗಾ ಅದೇ ಶಾಲೆಗೆ ಹೋಗುತ್ತಾಳೆ.

ಪ್ರತಿ ಊರೂ ಟೀವಿಯೆದುರು ಒಬ್ಬರನ್ನು ನಿಲ್ಲಿಸುತ್ತದೆ. ಅವರನ್ನು ಊರಿನ ಮುಖ ಎನ್ನುತ್ತೇವೆ. ನಮ್ಮ ಮುಖ ಹುಸೇನಪ್ಪ. ಅವನು ಗುಡ್ಡಕ್ಕೆ ನೀರು ಚಿಮುಕಿಸುವ ಕೆಲಸದಲ್ಲಿದ್ದವನು. ಎದೆಯೊಳಗೆ ಬೂದಿ ಕೂತಿದೆ. ಊರಲ್ಲಿ ಕೆಮ್ಮುವವರಿಗೆ ಕೊರತೆಯಿಲ್ಲ, ಆದರೆ ಅವನ ಹಾಗೆ ಮಾತಿನ ನಡುವೆ ನಗುನಗುತ್ತಲೇ ಕೆಮ್ಮಿಗೆ ಸಿಕ್ಕಿಬಿದ್ದು, ಎದ್ದು, ಬಿಟ್ಟಲ್ಲಿಂದ ಮಾತು ಮುಂದುವರಿಸುವವರು ಬೇರೆ ಇಲ್ಲ. ಮುಖಗಳನ್ನು ತಿದ್ದಲು ಕಾರ್ಯಕ್ರಮದವರು ಕಳಿಸುವ ಸುಧನ್ವ ಎಂಬ ತರುಣ ಇದನ್ನು ಮೊದಲ ದಿನವೇ ಕಂಡುಹಿಡಿದ.

"ಸರ್, ಶುರುವಿನಲ್ಲೇ ಕೆಮ್ಮಬೇಡಿ," ಎಂದು ಅವನು ವಿನಯದಿಂದ ಹೇಳಿಕೊಟ್ಟ. "ಜನ ಮೊದಲು ನಿಮ್ಮನ್ನ ಇಷ್ಟಪಡಲಿ. ಆಮೇಲೆ ಕೆಮ್ಮಿ."

"ಅದಕ್ಕ ನಿಮ್ಮ ಗಡಿಯಾರ ನೋಡಾಕ ಬರಂಗಿಲ್ರೀ," ಎಂದ ಹುಸೇನಪ್ಪ. "ಅದು ನಮ್ಮ ಊರಾಗ ಹುಟ್ಟೇತಿ. ಸಾಲಿ ಕಲ್ತಿಲ್ಲ."

ಕಲಿಯಿತು. ಉಸಿರುಮನೆಗಾಗಿ ಕೇಳಿದ ಸಂಜೆ ಅವನು ಕೆಮ್ಮಿದಾಗ ಗೋಡೆಯ ಪರದೆಯ ಮೇಲೆ ನಮಗೆ ಬಂದ ಕರೆಗಳ ಗೆರೆ ಹಸಿರು ಬಳ್ಳಿಯಂತೆ ಏರಿದ್ದನ್ನು ಊರೆಲ್ಲ ಚಾವಡಿಯಲ್ಲಿ ನಿಂತು ನೋಡಿತು. ಉಸಿರುಮನೆ ಎಂದರೆ ಎದೆಯ ಆಸ್ಪತ್ರೆ. ಅಲ್ಲಿ ತೊಳೆತ ಎಂಬುದನ್ನು ಮಾಡುತ್ತೇವೆ: ರೋಗಿಗೆ ಅರಿವಳಿಕೆ ಕೊಟ್ಟು, ಪುಪ್ಪುಸದೊಳಕ್ಕೆ ಬೆಚ್ಚಗಿನ ಉಪ್ಪುನೀರು ಬಿಟ್ಟು, ತಿರುಗಿ ಹೊರಗೆ ತೆಗೆಯುವುದು. ನೀರು ಮೊದಲು ಸಾರಣೆಯ ಬಣ್ಣದಲ್ಲಿ ಬರುತ್ತದೆ, ತೊಳೆದಂತೆ ತಿಳಿಯಾಗುತ್ತದೆ. ಎಲ್ಲರೂ ಗುಣವಾಗುವುದಿಲ್ಲ. ಆದರೆ ಅನೇಕರು ಮತ್ತೆ ಬೆನ್ನು ಚಾಚಿ ಮಲಗಿ ನಿದ್ರಿಸುತ್ತಾರೆ.

ಅದರ ಬಾಗಿಲಿನ ಟೇಪು ಕತ್ತರಿಸಿದವನು ಹುಸೇನಪ್ಪನೇ. ಮಾಲೆ ಹಾಕಿದರು, ಪೇಟ ಸುತ್ತಿದರು. ಆಮೇಲೆ ಎಲ್ಲರೂ ಒಳಗೆ ಹೋದರು, ಅವನು ಕಟ್ಟೆಯ ಮೇಲೆ ಕೂತ. ಊರಿನ ಪ್ರಮುಖ ಪಂಪನಗೌಡರು ಆ ಮೊದಲೇ ಅವನ ಕೈ ಹಿಡಿದು ಕೇಳಿಕೊಂಡಿದ್ದರು: "ಹುಸೇನಪ್ಪ, ಇನ್ನ ಗುಡ್ಡದ ಹೊದಿಕಿ ಒಂದು ಉಳದೈತಿ. ಅದು ಬರೂತನಕ ನೀ ಇದ್ದಂಗ ಇರಪ್ಪಾ." ಹೊದಿಕೆ ಎಂದರೆ ಬೂದಿಗುಡ್ಡವನ್ನು ಮಣ್ಣಿನಿಂದ ಮುಚ್ಚಿ ಹುಲ್ಲು ಬೆಳೆಸುವ ಕಾಮಗಾರಿ. ಅದಕ್ಕಿಂತ ದೊಡ್ಡದನ್ನು ನಮ್ಮ ಸೀಮೆಯಲ್ಲಿ ಯಾರೂ ಗೆದ್ದಿಲ್ಲ. ಗೌಡರು ಕ್ರೂರಿಯಲ್ಲ, ಅವರ ಇಬ್ಬರು ಮಕ್ಕಳನ್ನು ಬೂದಿ ತಿಂದಿದೆ.

ಹೀಗೆ ಊರಲ್ಲಿ ಒಂದು ರೂಢಿ ಬೆಳೆಯಿತು. ಯಾರೂ ಆಜ್ಞೆ ಮಾಡಲಿಲ್ಲ. ಮದುವೆಯಲ್ಲಿ ಹುಸೇನಪ್ಪನಿಗೆ ಬೀಗರ ಸಾಲಿನಲ್ಲಿ ಎಲೆ ಹಾಕುತ್ತಾರೆ. ದಿನಕ್ಕೊಂದು ಮನೆಯಿಂದ ಅವನಿಗೆ ರೊಟ್ಟಿ, ಪುಂಡಿಪಲ್ಯ, ಹಬ್ಬವಿದ್ದರೆ ಹೋಳಿಗೆ ಬರುತ್ತದೆ. ಶುಂಠಿ ಕಷಾಯ ಬರುವುದಿಲ್ಲ. ಜ್ಯೇಷ್ಠಮಧುವಿನ ಕಡ್ಡಿಯನ್ನು ಯಾರೂ ಕೊಡುವುದಿಲ್ಲ. ಹೊಸದಾಗಿ ಬಂದ ಸೊಸೆಯೊಬ್ಬಳು ಅವನ ಕೆಮ್ಮು ಕೇಳಲಾರದೆ ಜೇನುತುಪ್ಪ ತಂದಳು. ಅವಳ ಅತ್ತೆ ಓಡಿಬಂದು ಬಟ್ಟಲು ಕಸಿದು, ನಮ್ಮಿಬ್ಬರ ಕ್ಷಮೆ ಕೇಳಿ, ಆಕೆಯನ್ನು ಕರೆದುಕೊಂಡು ಹೋದಳು. ಹುಸೇನಪ್ಪ ಆ ಸಂಜೆ ಇಡೀ ನಕ್ಕ. ಕಂಡರಿಯದ ಊರುಗಳಿಂದ ಅವನಿಗೆ ಸಂದೇಶಗಳು ಬರುತ್ತವೆ. ಬೇಗ ಗುಣವಾಗಿ, ನಿಮಗಾಗಿ ಪ್ರಾರ್ಥಿಸುತ್ತೇವೆ ಎನ್ನುತ್ತಾರೆ. ಹಿಂದೊಮ್ಮೆ ಗುಣವಾಗಿ ಬಂದು ನಿಂತ ಬೇರೆ ಊರಿನ ಮುಖಕ್ಕೆ ಕರೆ ಬಂದದ್ದು ಬೆರಳೆಣಿಕೆಯಷ್ಟು.

ಈ ವರ್ಷ ಹೊದಿಕೆಯ ಬೇಡಿಕೆ ಕೊನೆಯ ಸುತ್ತಿಗೆ ತಲುಪಿದೆ. ನಮ್ಮೆದುರು ಇರುವುದು ಕರಾವಳಿಯ ಒಂದು ಕೇರಿ, ಅದರ ಬಾವಿಗಳಿಗೆಲ್ಲ ಉಪ್ಪು ಹೊಕ್ಕಿದೆ. ಅವರ ಮುಖ ಜಲಜಾಕ್ಷಿ ಎಂಬ ಮುದುಕಿ. ಹಿಂದಿನ ಸುತ್ತಿನಲ್ಲಿ ಪರಿಚಯವಾಗಿ ಆಗಾಗ ಅಣ್ಣನಿಗೆ ಫೋನ್ ಮಾಡುತ್ತಾಳೆ. "ನಿಮ್ಗ್ ಹುಷಾರಾಯ್ಲಿ ಅಂದ್ರೆ ನಮ್ ಊರಿನವ್ರು ನಗಾಡ್ತ್ರ್ ಮಾರಾಯ್ರೆ," ಎನ್ನುತ್ತಾಳೆ. "ನೀವ್ ಹುಷಾರಾರೆ ನಾವ್ ಗೆಲ್ತ್, ಅದ್ಕೇ ಹೇಳೂದ್ ಅಂಬ್ರು."

ಕೊನೆಯ ಸುತ್ತು ಮಾಘದಲ್ಲಿ. ದೀಪಾವಳಿಯ ಮರುವಾರ ಪರೀಕ್ಷೆಗೆ ಬಂದ ವೈದ್ಯೆ ಅಣ್ಣನ ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೂತರು. ಆಮೇಲೆ ನನ್ನನ್ನು ಹೊರಗೆ ಕರೆದು, ತೊಳೆತ ಮಾಡುವುದಾದರೆ ಈಗಲೇ ಮಾಡಬೇಕು, ಚಳಿ ಏರಿದ ಮೇಲೆ ಈ ಎದೆ ತೊಳೆತವನ್ನೇ ತಾಳುವುದಿಲ್ಲ ಎಂದರು. ಅಂದರೆ ಮಾಘಕ್ಕೆ ಅವನು ಕೆಮ್ಮುತ್ತ ಹೋದರೆ ಹೊದಿಕೆ ಬರಬಹುದು, ಅವನು ಉಳಿಯುವುದಿಲ್ಲ. ಈಗ ತೊಳೆದರೆ ಅವನು ಉಳಿಯಬಹುದು, ಹೊದಿಕೆ ಬರುವುದಿಲ್ಲ.

ನಾನು ಪಂಪನಗೌಡರ ಬಳಿ ಹೋದೆ. ಅವರು ನನ್ನ ಮುಖ ನೋಡಲಿಲ್ಲ. "ನಾ ಒಬ್ಬ ಹೆಂಗ ಹೇಳಲಿ ತಂಗಿ, ಹೂಂ ಅಂದ್ರೂ ಪಾಪ, ಊಹೂಂ ಅಂದ್ರೂ ಪಾಪ," ಎಂದರು. "ಊರನ್ನ ಕೇಳೂಣು." ಸಭೆ ಕರೆಯುತ್ತಾರೆಂದು ತಿಳಿದೆ. ನನ್ನ ತಾಯಿಯ ಕಾಲದವರೆಗೂ ಸಭೆ ಕರೆಯುತ್ತಿದ್ದರು. ಯಾರಿಗಾದರೂ ಇಲ್ಲವೆನ್ನಬೇಕಾದರೆ ಅವನ ಎದುರೇ ಎದ್ದು ನಿಂತು ಹೇಳಬೇಕಿತ್ತು. ಆದರೆ ನಮ್ಮ ಕೈಗೆ ಈಗ ಒಂದೇ ವಿದ್ಯೆ ಬರುತ್ತದೆ. ಗೌಡರು ಚಾವಡಿಯ ಗೋಡೆಯ ಮೇಲೆ ಎರಡು ಫೋನ್ ಸಂಖ್ಯೆ ತೋರಿಸಿದರು: ತೊಳೆತಕ್ಕೆ ಒಂದು, ಕಾಯುವುದಕ್ಕೆ ಒಂದು. ಜನ ತಮ್ಮ ತಮ್ಮ ಮನೆಯಲ್ಲಿ, ಒದ್ದೆ ಗೋಣಿಗಳ ಹಿಂದೆ ಕೂತು ಕರೆ ಮಾಡಿದರು. ಕಾಯುವುದೆಂದು ತೀರ್ಮಾನವಾಯಿತು. ಅಂತರ ಸಣ್ಣದೇನಲ್ಲ.

ಮರುದಿನ ಮುಂಜಾನೆಯಿಂದ ಮನೆಗೆ ಜನ ಬರತೊಡಗಿದರು. ಸಂತಾಪಕ್ಕೆ ಬರುವವರಂತೆ ಬಾಗಿಲಲ್ಲಿ ನಿಂತು, ಒಳಗೆ ಬಂದು, ನೆಲ ನೋಡುತ್ತ ಕೂತು, ಏಳುವ ಮೊದಲು ಪ್ರತಿಯೊಬ್ಬರೂ ಅದೇ ಮಾತು ಹೇಳಿದರು.

"ಯಣ್ಣಾ, ನಾ ಅಂತೂ ತೊಳೆತಕ್ಕ ಒತ್ತೀನಿ."

"ನಮ್ಮ ಮನ್ಯಾಗ ಎಲ್ಲಾರೂ ನಿನ್ನ ಕಡೀನ ಹುಸೇನಪ್ಪ. ಉಳದ ಮಂದಿ ಹಿಂಗ ಮಾಡ್ತಾರಂತ ಯಾರಿಗೆ ಗೊತ್ತು?"

ಜೇನುತುಪ್ಪ ಕಸಿದುಕೊಂಡಿದ್ದ ಅತ್ತೆಯೂ ಬಂದಳು, ಅಳುತ್ತ ಅದನ್ನೇ ಹೇಳಿದಳು. ಯಾರೂ ಸುಳ್ಳು ಹೇಳಿದಂತೆ ನನಗೆ ಕಾಣಲಿಲ್ಲ. ಹೇಳುವ ಹೊತ್ತಿಗೆ ಅವರು ಅದನ್ನು ನಂಬಿದ್ದರು. ನಾನೂ ತೊಳೆತಕ್ಕೇ ಒತ್ತಿದೆ. ಇಲ್ಲಿ ಬರೆಯುವಾಗ ಅದು ಬಂದವರ ಮಾತಿನಂತೆಯೇ ಕೇಳುತ್ತದೆ.

ಬಂದವರೆಲ್ಲ ಹೋದ ಮೇಲೆ ಹುಸೇನಪ್ಪ ತಾಟಿನಲ್ಲಿ ಗುಡ್ಡೆಬಿದ್ದ ರೊಟ್ಟಿಗಳನ್ನು ನೋಡಿ ನಕ್ಕ. "ಇಡೀ ಊರು ನನ್ನ ಕಡಿ ಒತ್ತೇತಿ. ಆದ್ರೂ ಸೋತೀನಿ ನೋಡವ್ವ. ಇಂಥಾ ಆಟ ಸುಧನ್ವಗೂ ಗೊತ್ತಿಲ್ಲ."

"ನೀ ಯಾವುದಕ್ಕ ಒತ್ತಿದಿ?" ಎಂದು ಕೇಳಿದೆ.

ಕೆಮ್ಮು ಬಂತು. ಅದು ಮುಗಿಯುವ ತನಕ ಕಾದೆ. "ಕಾಯೂದಕ್ಕ," ಎಂದ. "ಎಲ್ಲಾರೂ ಕಾಯೂದಕ್ಕ ಒತ್ತತಾರಂತ ಗೊತ್ತಿತ್ತು. ಅವರಷ್ಟ ಒತ್ತಿದ್ರ ಅದು ಅವರ ಮೈಮ್ಯಾಗ ಬರ್ತಿತ್ತು. ನಾನೂ ಒತ್ತಿದ್ರ ನಂದೂ ಇಚ್ಛಾ ಇತ್ತು ಅಂತ ಆಕ್ಕೈತಿ. ಮಂದಿ ನಿದ್ದಿ ಮಾಡ್ಲಿ."

"ನಾ ಫೋನ್‌ನಾಗ ಕೇಳವಲ್ಲೆ. ಇಲ್ಲಿ ಕುಂತು ಕೇಳಾಕತ್ತೀನಿ. ನಿನಗ ತೊಳಸ್ಕೋಬೇಕು ಅನಸ್ತೈತೇನು?"

ಇಷ್ಟು ವರ್ಷಗಳಲ್ಲಿ ಅವನನ್ನು ಹಾಗೆ ಕೇಳಿದವರು ಇರಲಿಲ್ಲ, ನನ್ನನ್ನೂ ಸೇರಿಸಿ. "ಅಂಗಾತ ಮಲಗಬೇಕು ಅನಸ್ತೈತಿ," ಎಂದ. ಆಮೇಲೆ, "ನೀಲಗಂಗಾನ ಸಾಲಿ?" ಎಂದ.

ಹೊದಿಕೆ ಬರದಿದ್ದರೆ ಆ ಬೂದಿ ನನ್ನ ಮಗಳ ಎದೆಗೂ ಇಳಿಯುತ್ತದೆ, ಅವಳ ಜೊತೆ ಕೂತವರ ಎದೆಗೂ. ನಾನು ಅವನಿಗೆ ತೊಳೆತ ಮಾಡಿಸಹೊರಟಿರುವುದು ಇದನ್ನು ತಿಳಿಯದೆ ಅಲ್ಲ. ಆದರೆ ಒಬ್ಬ ಮನುಷ್ಯನ ರೋಗವನ್ನು ಬೆಳೆಯಂತೆ ಕಾದು ಕಾಪಾಡಿದ ಊರಿಗೆ, ಹೊದಿಕೆ ಬಂದ ಮೇಲೆ ಮುಂದಿನ ಬೇಡಿಕೆ ಹುಟ್ಟುತ್ತದೆ. ಆಗ ಹೊಸ ಮುಖ ಬೇಕಾಗುತ್ತದೆ. ಶಾಲೆಯ ಮಕ್ಕಳಲ್ಲಿ ಚೆನ್ನಾಗಿ ಕೆಮ್ಮುವವರು ಯಾರೆಂದು ಸುಧನ್ವ ಹೋದ ಸಲವೇ ಕೇಳಿದ್ದ, ವಿನಯದಿಂದಲೇ.

ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟೇ. ಎರಡು ಊರುಗಳನ್ನು ನಿಮ್ಮ ಮುಂದೆ ನಿಲ್ಲಿಸಿ ಒಂದನ್ನು ಆರಿಸಿ ಎಂದಾಗ, ಕರೆ ಮಾಡುವ ಮೊದಲು, ಒಂದೇ ಯಾಕೆ ಎಂದು ಕೇಳಿ. ಫೋನಿನಲ್ಲಿ ಬೇಡ, ಹೇಳಬೇಕಾದವರ ಎದುರು ಹೋಗಿ ನಿಂತು ಕೇಳಿ. ಅವರು ಕಣ್ಣು ತಪ್ಪಿಸಿದರೆ ಅಲ್ಲೇ ನಿಂತಿರಿ. ನಿಮ್ಮ ಕಾಲದಲ್ಲಿ ಅದು ಇನ್ನೂ ಸಾಧ್ಯವಿತ್ತೆಂದು ನಂಬಿದ್ದೇನೆ.

ಇಂದು ಮಧ್ಯಾಹ್ನ ವೈದ್ಯೆಗೆ ಹೇಳಿಕಳಿಸಿದೆ, ಬರುತ್ತೇನೆಂದಿದ್ದಾರೆ. ಹುಸೇನಪ್ಪ ಹೂಂ ಅಂದಿದ್ದಾನೆ. ಮಾಘದಲ್ಲಿ ತಾನೇ ಹೋಗಿ ನಿಲ್ಲುತ್ತಾನಂತೆ. "ಕೆಮ್ಮಿಲ್ಲದ ಮಾತಾಡಿದ್ರ ಮಂದಿ ನನ್ನ ಗುರ್ತು ಹಿಡೀತಾರೋ ಇಲ್ಲೋ ನೋಡೂಣು," ಎಂದ. ನಾಳೆ ಅರಿವಳಿಕೆ ಕೊಡುವ ಮುಂಚೆ ಹೊಟ್ಟೆ ಖಾಲಿ ಇರಬೇಕೆಂದು ಅವನಿಗೆ ಈ ಹೊತ್ತಿನ ಊಟ ಕೊಟ್ಟಿಲ್ಲ. ಹಸಿವೆಂದು ಒಳಗಿನಿಂದ ಗೊಣಗುತ್ತಿದ್ದಾನೆ. ನಾಳೆ ಬೆಳಗ್ಗೆ ಮೊದಲು ಪಂಪನಗೌಡರ ಮನೆಗೆ ಹೋಗಿ, ಅವರ ಎದುರು ನಿಂತು ಹೇಳಿ, ಅಲ್ಲಿಂದ ಅಣ್ಣನನ್ನು ಉಸಿರುಮನೆಗೆ ಕರೆದೊಯ್ಯುತ್ತೇನೆ. ಊರಲ್ಲಿ ಇನ್ನೂ ಯಾರಿಗೂ ತಿಳಿದಿಲ್ಲ.